ಈಜು ತರಗತಿಗೆ ಮುನ್ನ ಮಗುವಿಗೆ ನೀರಿನ ರೂಢಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿದ ಮಗುವಿನಿಂದ ಹಿಡಿದು ಎರಡು, ಎರಡೂವರೆ ವರ್ಷದವರೆಗಿನ ಮಕ್ಕಳ ತಂದೆ ತಾಯಿಯರು ಮತ್ತು ಅಜ್ಜಿಯರು ಕೇಳುವ ಪ್ರಶ್ನೆಗಳಿವು. ಈಜು ಕಲಿಸುವ ಬಗೆ ಇಲ್ಲಿಲ್ಲ, ಅದು ತರಬೇತುದಾರರ ಕೆಲಸ. ಅದಕ್ಕೆ ಮೊದಲು ಮನೆಯ ಬಚ್ಚಲಿನಲ್ಲಿ ನಡೆಯಬೇಕಾದ ಕೆಲಸದ ಬಗ್ಗೆ ಇಲ್ಲಿ ಹೇಳಿದೆ. ಅವಧಿಗೆ ಮುನ್ನ ಹುಟ್ಟಿದ ಮಗು, ಹೃದಯ ಅಥವಾ ಉಸಿರಾಟದ ತೊಂದರೆ ಇರುವ ಮಗು, ಮೂರ್ಛೆ ಬರುವ ಮಗು ನಿಮ್ಮದಾಗಿದ್ದರೆ ಮೊದಲು ಮಕ್ಕಳ ವೈದ್ಯರನ್ನು ಕಂಡು ಆಮೇಲೆ ಮುಂದುವರಿಯಿರಿ.

ಯಾವ ವಯಸ್ಸಿನಿಂದ ಶುರು ಮಾಡಬಹುದು?

ಮೊದಲ ಸ್ನಾನದ ದಿನವೇ ಶುರುವಾಗಿರುತ್ತದೆ. ಹೆರಿಗೆಯಾಗಿ 24 ಗಂಟೆಯಾದರೂ ಕಳೆದ ಮೇಲೆ ಮೊದಲ ಸ್ನಾನ ಮಾಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಕ್ಕುಳಬಳ್ಳಿಯ ತುಂಡು ಒಣಗಿ ಬೀಳಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು, ನೀರಿನಲ್ಲಿ ಕೂರಿಸುವುದು ಬೇಡ.

ಈಜುಕೊಳದ ಲೆಕ್ಕ ಬೇರೆ. ಮಗುವಿಗೆ ಕತ್ತು ಚೆನ್ನಾಗಿ ನಿಂತಿರಬೇಕು, ಕೊಳದ ನೀರು ಬೆಚ್ಚಗಿರಬೇಕು. ಎಳೆ ಮಗುವಿನ ಮೈ ಬೇಗ ತಣಿಯುತ್ತದೆ, ನಡುಗಿ ಬಿಸಿ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ನಮ್ಮ ಬಯಲು ಕೊಳಗಳಲ್ಲಿ ನೀರು ಕಾಯಿಸುವ ಏರ್ಪಾಡು ಇರುವುದು ಅಪರೂಪ. ಹೀಗಾಗಿ ಆರು ತಿಂಗಳು ತುಂಬುವವರೆಗೆ ಕಾಯುವುದು ಲೇಸು. ಇನ್ನು ತರಗತಿ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2019ರಲ್ಲಿ ಪ್ರಕಟಿಸಿದ ನಿಲುವಿನ ಪ್ರಕಾರ, ಒಂದು ವರ್ಷ ದಾಟಿದ ಅನೇಕ ಮಕ್ಕಳಿಗೆ ಈಜು ತರಗತಿಯಿಂದ ಮುಳುಗುವ ಅಪಾಯ ತಗ್ಗಬಹುದು. ಒಂದು ವರ್ಷದೊಳಗಿನ ಮಕ್ಕಳಿಗೆ ಅಂಥ ಪ್ರಯೋಜನವಿದೆ ಎಂಬುದಕ್ಕೆ ಆಧಾರವಿಲ್ಲ. ಆ ವಯಸ್ಸಿನ ತರಗತಿ ಎಂದರೆ ತಾಯಿ ಅಥವಾ ತಂದೆಯ ಜೊತೆಗಿನ ನೀರಾಟ, ಅಷ್ಟೇ. ಆಡಬಾರದೆಂದಲ್ಲ. ಆದರೆ ಅದಕ್ಕೆ ಈಜಿನ ಹೆಸರಿಟ್ಟು ದುಬಾರಿ ಶುಲ್ಕ ಕೇಳಿದರೆ ಎರಡು ಸಲ ಯೋಚಿಸಿ.

ಆರು ತಿಂಗಳ ಮಗು ನೀರಿನೊಳಗೆ ತಾನಾಗಿಯೇ ಈಜುವ ವೀಡಿಯೊ ನೋಡಿದೆವು. ಹುಟ್ಟಿನಿಂದಲೇ ಈಜು ಬರುತ್ತದೆಯೇ?

ಇಲ್ಲ. ಎಳೆ ಮಕ್ಕಳ ಮುಖಕ್ಕೆ ನೀರು ಬಿದ್ದರೆ ಗಂಟಲು ಮುಚ್ಚಿಕೊಂಡು ಉಸಿರು ಕ್ಷಣಕಾಲ ನಿಲ್ಲುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಕೈಕಾಲು ಈಜಿದಂತೆ ಆಡುತ್ತವೆ. ಇದು ಮಗು ಬೇಕೆಂದು ಮಾಡುವುದಲ್ಲ, ದೇಹದ ಅನೈಚ್ಛಿಕ ಪ್ರತಿಕ್ರಿಯೆ. ಆರು ತಿಂಗಳ ಆಸುಪಾಸಿನಲ್ಲಿ ಕ್ಷೀಣಿಸುತ್ತಾ ಹೋಗುತ್ತದೆ, ಇರುವಾಗಲೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಆ ಮಗು ತಲೆ ಮೇಲೆತ್ತಿ ಉಸಿರೆಳೆದುಕೊಳ್ಳಲಾರದು.

ಮಗುವನ್ನು ಮುಳುಗಿಸಿ ತೆಗೆಯುವುದರಲ್ಲಿ ಇನ್ನೊಂದು ಅಪಾಯವಿದೆ. ಪ್ರತಿ ಸಲವೂ ಅದು ಒಂದಿಷ್ಟು ನೀರು ನುಂಗುತ್ತದೆ. ಪುಟ್ಟ ದೇಹದಲ್ಲಿ ಹೆಚ್ಚು ನೀರು ಸೇರಿದರೆ ರಕ್ತದ ಸೋಡಿಯಂ ಪ್ರಮಾಣ ಕುಸಿದು, ಮಂಕಾಗಿ, ಫಿಟ್ಸ್ ಕೂಡ ಬರಬಹುದು. ಮುಳುಗಿಸುವ ಪಾಠ ಮಗುವಿಗೆ ಮಾತು ತಿಳಿದು, ಅದೇ ಒಪ್ಪಿ, ಬಾಯಿ ಮುಚ್ಚಿಕೊಳ್ಳಲು ಕಲಿತ ಮೇಲೆ ಸಾಕು.

ಕಾಲಿನ ಮೇಲೆ ಮಲಗಿಸಿಕೊಂಡು ನೀರು ಹಾಕುವ ನಮ್ಮ ಪದ್ಧತಿಯಿಂದ ಮಗುವಿಗೆ ನೀರಿನ ಭಯ ಬರುತ್ತದೆಯೇ?

ಆ ಭಂಗಿಯಲ್ಲಿ ತಪ್ಪೇನೂ ಇಲ್ಲ, ಬಹಳ ಒಳ್ಳೆಯ ಭಂಗಿ ಅದು. ಮಣೆಯ ಮೇಲೆ ಕಾಲು ಚಾಚಿ ಕೂತ ಅಜ್ಜಿಯ ಎರಡು ಕಾಲುಗಳ ನಡುವಿನ ತಗ್ಗಿನಲ್ಲಿ ಮಗು ಭದ್ರವಾಗಿ ಕೂರುತ್ತದೆ, ಚರ್ಮಕ್ಕೆ ಚರ್ಮ ತಾಗಿರುತ್ತದೆ, ಕೈ ಜಾರಿದರೂ ಬೀಳುವಷ್ಟು ಎತ್ತರವಿರುವುದಿಲ್ಲ. ಬೋರಲು ಮಲಗಿಸಿ ಬೆನ್ನಿನ ಮೇಲೆ ನೀರು ಹಾಕಿದಾಗ ಅನೇಕ ಮಕ್ಕಳು ಅಲ್ಲೇ ತೂಕಡಿಸುತ್ತಾರೆ. ಮುಂದೆ ಕೊಳದಲ್ಲಿ ನಿಮ್ಮ ಮುಂಗೈ ಮೇಲೆ ಬೋರಲಾಗಿ ತೇಲುವ ಮಗುವಿಗೆ ಈ ಭಂಗಿ ಹೊಸದಾಗಿರುವುದಿಲ್ಲ.

ಭಯ ಹುಟ್ಟಿಸುವುದು ಅದರ ಸುತ್ತ ಸೇರಿಕೊಂಡ ಸಂಗತಿಗಳು. ಹಂಡೆಯಿಂದ ಹೊಗೆಯಾಡುವ ಬಿಸಿನೀರು ಬೇಕೇ ಬೇಕೆಂಬ ಹಟ, ಕಣ್ಣಿಗೆ ಹೋದ ಸೀಗೆಕಾಯಿ ಪುಡಿ, ಉಸಿರಾಡಲು ಬಿಡುವಿಲ್ಲದಂತೆ ಚೊಂಬಿನ ಮೇಲೆ ಚೊಂಬು, ಮೂಗು ಎಳೆದು ಉದ್ದ ಮಾಡುವ ಉತ್ಸಾಹ. ‘ಅಳಲಿ ಬಿಡು, ಗಂಟಲು ಬಿಚ್ಚಿಕೊಳ್ಳುತ್ತದೆ’ ಎಂಬ ಮಾತು ಬೇರೆ. ನೀರಿಗೆ ಹೆದರುತ್ತದೆ ಎಂದು ಕರೆತಂದ ಮಗುವನ್ನು ಗಮನಿಸಿದರೆ ಬಹಳ ಸಲ ಅದು ಹೆದರುವುದು ನೀರಿಗಲ್ಲ, ಕಣ್ಣುರಿಗೆ ಅಥವಾ ಸುಡುವ ಬಿಸಿಗೆ.

ಆದ್ದರಿಂದ ಭಂಗಿ ಉಳಿಸಿಕೊಳ್ಳಿ, ಉಳಿದದ್ದನ್ನು ತಿದ್ದಿ. ಎಣ್ಣೆ ಹಚ್ಚಿ ತೀಡುವುದು ಹಿತವಾಗಿ ಇರಲಿ. ಕಿವಿ, ಮೂಗಿಗೆ ಎಣ್ಣೆ ಬಿಡುವುದನ್ನು ಪೂರ್ತಿ ನಿಲ್ಲಿಸಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಒಂದು ಬಗೆಯ ನ್ಯುಮೋನಿಯಾ ತರಬಲ್ಲದು. ಮೂಗಿಗೆ, ಕಿವಿಗೆ ಬಾಯಿಂದ ಊದುವುದೂ ಬೇಡ. ಸೀಗೆಕಾಯಿಯ ಜಾಗದಲ್ಲಿ ಕಣ್ಣುರಿಸದ ಮಕ್ಕಳ ಸೋಪು ತುಸುವೇ ಸಾಕು. ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಾಕುವುದೂ ಮಗುವಿನ ಉಸಿರಾಟಕ್ಕೆ ಒಳ್ಳೆಯದಲ್ಲ. ಇದನ್ನೆಲ್ಲ ಹೇಳುವಾಗ ಅಜ್ಜಿಯೊಡನೆ ಜಗಳ ಬೇಕಿಲ್ಲ. ‘ಡಾಕ್ಟರು ಹೇಳಿದ್ದಾರೆ’ ಎಂಬ ಒಂದೇ ವಾಕ್ಯಕ್ಕೆ ನಮ್ಮ ಮನೆಗಳಲ್ಲಿ ಇನ್ನೂ ಬೆಲೆಯಿದೆ.

ನೀರು ಎಷ್ಟು ಬೆಚ್ಚಗಿರಬೇಕು?

ಸ್ನಾನಕ್ಕೆ 37ರಿಂದ 38 ಡಿಗ್ರಿ ಸೆಲ್ಸಿಯಸ್, ಅಂದರೆ ಮೈಯ ಬಿಸಿಯಷ್ಟೇ. ಉಷ್ಣಮಾಪಕ ಇಲ್ಲದಿದ್ದರೆ ಮೊಣಕೈ ಅದ್ದಿ ನೋಡಿ. ಬಿಸಿ ಎನಿಸಲೂಬಾರದು, ತಣ್ಣಗೆನಿಸಲೂಬಾರದು. ಅಂಗೈಯನ್ನು ನಂಬಬೇಡಿ, ಅಡುಗೆಮನೆಯ ಬಿಸಿಗೆ ಒಗ್ಗಿಹೋಗಿರುತ್ತದೆ.

ಟಬ್ಬಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ. ಬೆರೆಸಿ ಮುಗಿದ ಮೇಲಷ್ಟೇ ಮಗುವನ್ನು ಬಚ್ಚಲಿಗೆ ಕರೆತನ್ನಿ. ನೀರು ಕಾಯಿಸಲು ಬಕೆಟ್ಟಿಗೆ ಕಾಯಿಲ್ ಇಳಿಬಿಡುವ ಮನೆಯಾದರೆ ಅಂಬೆಗಾಲಿಕ್ಕುವ ಮಗು ಆ ಕೋಣೆಯ ಹತ್ತಿರವೂ ಸುಳಿಯಬಾರದು. ಸುಟ್ಟಗಾಯವೂ ವಿದ್ಯುತ್ ಆಘಾತವೂ ಒಂದೇ ಬಕೆಟ್ಟಿನಲ್ಲಿವೆ. ಗ್ಯಾಸ್ ಗೀಸರ್ ಇದ್ದರೆ ಕಿಟಕಿ ತೆರೆದಿರಲಿ, ಯಂತ್ರ ಬಚ್ಚಲಿನ ಹೊರಗಿದ್ದರೆ ಇನ್ನೂ ಒಳ್ಳೆಯದು. ಮುಚ್ಚಿದ ಬಚ್ಚಲಿನಲ್ಲಿ ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ದೊಡ್ಡವರನ್ನೇ ಬಲಿ ತೆಗೆದುಕೊಂಡ ಪ್ರಕರಣಗಳು ಬೆಂಗಳೂರಿನಲ್ಲೇ ಆಗಿವೆ.

ತಲೆಗೆ ನೀರು ಬಿದ್ದೊಡನೆ ಕಿರುಚಾಡುತ್ತಾನೆ. ಏನು ಮಾಡಲಿ?

ಬಹಳ ಮನೆಗಳ ಪ್ರಶ್ನೆಯಿದು. ನೀರು ಯಾವಾಗ ಬೀಳುತ್ತದೆ ಎಂಬುದು ಮಗುವಿಗೆ ಮೊದಲೇ ತಿಳಿದರೆ ಅರ್ಧ ಗಲಾಟೆ ಅಲ್ಲಿಗೇ ಮುಗಿಯುತ್ತದೆ. ಪ್ರತಿ ಸಲವೂ ಅದೇ ಮಾತು, ಅದೇ ದನಿ: ‘ಒಂದು, ಎರಡು, ಮೂರು, ಬಂತು ನೀರು!’ ಮನೆಯವರೆಲ್ಲ ಅದೇ ಮಾತು ಬಳಸಬೇಕು. ಅಪ್ಪ ಒಂದು, ಅಜ್ಜಿ ಇನ್ನೊಂದು ಹೇಳಿದರೆ ಪ್ರಯೋಜನವಿಲ್ಲ. ಎಣಿಸಿದ ಮೇಲೆ ಮೋಸ ಮಾಡಬೇಡಿ. ಎರಡಕ್ಕೇ ಸುರಿದರೆ ಮಗು ಎಣಿಕೆಯನ್ನೂ ನಂಬುವುದಿಲ್ಲ, ನಿಮ್ಮನ್ನೂ ನಂಬುವುದಿಲ್ಲ.

ಮೊದಲ ದಿನಗಳಲ್ಲಿ ಎಣಿಸಿ ಬರೀ ಪಾದಕ್ಕೆ ನೀರು ಹಾಕಿ. ಆಮೇಲೆ ಹೊಟ್ಟೆ, ಭುಜ, ಬೆನ್ನು. ಭುಜಕ್ಕೆ ಬಿದ್ದಾಗ ನಗುವ ಹಂತ ಬಂದ ಮೇಲೆ ತಲೆಯ ಹಿಂಭಾಗಕ್ಕೆ, ಅದೂ ಪುಟ್ಟ ಲೋಟದಲ್ಲಿ. ಹಣೆಯಿಂದ ಮುಖದ ಮೇಲೆ ಹರಿಯುವಂತೆ ಸುರಿಯುವುದು ಕೊನೆಗೆ. ಸುರಿದ ತಕ್ಷಣ ಟವೆಲಿನಿಂದ ಮುಖ ಒರೆಸುವ ಅವಸರ ಬೇಡ. ಪ್ರತಿ ಸಲ ಒರೆಸಿದರೆ ಮುಖದ ಮೇಲೆ ನೀರಿರುವುದು ಆಗಬಾರದ ಸಂಗತಿ ಎಂದು ಮಗು ಕಲಿಯುತ್ತದೆ. ಕಣ್ಣು ಪಿಳುಕಿಸಿ ತಾನೇ ಸುಧಾರಿಸಿಕೊಳ್ಳಲು ಬಿಡಿ. ನಿಮ್ಮ ತಲೆಯ ಮೇಲೂ ಒಂದು ಲೋಟ ಸುರಿದುಕೊಂಡು ನಕ್ಕು ತೋರಿಸಿ. ಆಮೇಲೆ ಲೋಟವನ್ನು ಮಗುವಿನ ಕೈಗೆ ಕೊಡಿ, ಅದು ನಿಮ್ಮ ತಲೆಗೆ ಸುರಿಯಲಿ. ಲೋಟ ಯಾರ ಕೈಯಲ್ಲಿದೆಯೋ ಅವರಿಗೆ ಭಯ ಕಡಿಮೆ.

ಕೆಲವು ಮಕ್ಕಳಿಗೆ ಒಂದು ವಾರ ಸಾಕು, ಕೆಲವರಿಗೆ ತಿಂಗಳುಗಳು ಬೇಕು. ಹಿಂದಿನ ದಿನ ಒಪ್ಪಿದ್ದನ್ನು ಇಂದು ಒಪ್ಪದಿದ್ದರೆ ಒಂದು ಮೆಟ್ಟಿಲು ಕೆಳಗಿಳಿದು ಮತ್ತೆ ಹತ್ತಿ.

ನಮ್ಮ ಮನೆಯಲ್ಲಿ ಬಾತ್‌ಟಬ್ ಇಲ್ಲ. ಬಕೆಟ್ಟಿನಲ್ಲಿ ಕೂರಿಸಬಹುದೇ?

ಬಕೆಟ್ ಬೇಡವೇ ಬೇಡ. ಅಂಚು ಹಿಡಿದು ಬಗ್ಗಿದ ಮಗುವಿನ ತಲೆ ಭಾರಕ್ಕೆ ಕೆಳಗಾದರೆ ಮತ್ತೆ ಮೇಲೇಳಲಾರದು. ಅಗಲ ಬಾಯಿಯ, ತಗ್ಗಿನ ಪ್ಲಾಸ್ಟಿಕ್ ಟಬ್ ಪಾತ್ರೆ ಅಂಗಡಿಯಲ್ಲೇ ಸಿಗುತ್ತದೆ. ತಳದಲ್ಲಿ ಜಾರದಂತೆ ಒಂದು ಹಳೆಯ ಟವೆಲ್ ಹಾಸಿ. ಕೂರಿಸಿದ ಮಗುವಿನ ಹೊಕ್ಕುಳಿನವರೆಗೆ ನೀರಿದ್ದರೆ ಆಟಕ್ಕೆ ಧಾರಾಳವಾಯಿತು. ಅಂಗಡಿಯಲ್ಲಿ ಸಿಗುವ ಸ್ನಾನದ ಕುರ್ಚಿ ನಿಮ್ಮ ಕೈಗೆ ನೆರವಷ್ಟೇ. ಮಗುವನ್ನು ಅದರಲ್ಲಿ ಬಿಟ್ಟು ಬಾಗಿಲು ತೆಗೆಯಲು ಹೋಗುವಂತಿಲ್ಲ. ಕರೆಗಂಟೆ ಬಾರಿಸಿದರೆ ಬಾರಿಸಲಿ. ಹೋಗಲೇಬೇಕಾದರೆ ಮಗುವನ್ನೂ ಟವೆಲಿನಲ್ಲಿ ಸುತ್ತಿ ಎತ್ತಿಕೊಂಡೇ ಹೋಗಿ.

ಮನೆಯಲ್ಲಿ ಏನೇನು ಆಟ ಆಡಿಸಬಹುದು?

ಮೂರು ನಾಲ್ಕು ತಿಂಗಳಿಗೆ: ಟಬ್ಬಿನಲ್ಲಿ ಅಂಗಾತ ಮಲಗಿಸಿ, ಒಂದು ಕೈ ತಲೆಯ ಹಿಂದೆ, ಇನ್ನೊಂದು ಸೊಂಟದ ಕೆಳಗೆ. ಕಿವಿ ನೀರಿನಲ್ಲಿರಲಿ, ಮುಖ ಹೊರಗಿರಲಿ. ಕಿವಿಯೊಳಗೆ ನೀರಿನ ಸದ್ದು ಕೇಳುವುದು ವಿಚಿತ್ರ ಅನುಭವ. ಈಗಲೇ ಪರಿಚಯವಾದರೆ ಮುಂದೆ ಬೆನ್ನ ಮೇಲೆ ತೇಲಲು ಕಲಿಯುವಾಗ ಗಾಬರಿಯಿರುವುದಿಲ್ಲ. ನಿಮ್ಮ ಮುಖ ಅದರ ಮುಖದ ನೇರಕ್ಕಿರಲಿ, ಮಾತನಾಡುತ್ತಿರಿ.

ಕೂರಲು ಕಲಿತ ಮೇಲೆ ತೂತಿನ ಡಬ್ಬಿಯಿಂದ ಮಳೆ ಸುರಿಸುವುದು, ಸೌಟಿನಿಂದ ನೀರು ತುಂಬಿ ಚೆಲ್ಲುವುದು, ತೇಲುವ ಚೆಂಡನ್ನು ಕಾಲಿನಿಂದ ಒದೆಯುವುದು. ಹಣ ಕೊಟ್ಟು ಆಟಿಕೆ ಕೊಳ್ಳಬೇಕಿಲ್ಲ, ಅಡುಗೆಮನೆಯ ಜರಡಿ ಸಾಕು.

ಒಂದು ವರ್ಷದ ಹೊತ್ತಿಗೆ ಗುಳ್ಳೆ ಊದುವ ಆಟ. ಇದನ್ನು ನಾನು ಎಲ್ಲಕ್ಕಿಂತ ಮುಖ್ಯವೆನ್ನುತ್ತೇನೆ. ಬಾಯಿ ನೀರಿನ ಮಟ್ಟದಲ್ಲಿದ್ದಾಗ ಉಸಿರು ಹೊರಗೆ ಬಿಡುವುದು ಈಜಿನ ಮೊದಲ ಕೌಶಲ. ನೀರಿನ ಮೇಲೆ ತೇಲುವ ಹೂವಿನ ಎಸಳನ್ನು ಊದಿ ದೂರ ಓಡಿಸುವುದರಿಂದ ಶುರು ಮಾಡಿ. ಮೊದಲು ನೀವು ಊದಿ ತೋರಿಸಿ. ಮಗು ಊದುವ ಬದಲು ನೀರು ಹೀರಿದರೆ ಇನ್ನೂ ಸಮಯವಾಗಿಲ್ಲವೆಂದು ಅರ್ಥ.

ಹನ್ನೊಂದು ತಿಂಗಳವರೆಗೆ ನೀರೆಂದರೆ ಪ್ರಾಣ. ಈಗ ಇದ್ದಕ್ಕಿದ್ದಂತೆ ಬಚ್ಚಲ ಬಾಗಿಲಿಗೇ ಅಳುತ್ತಾಳೆ.

ಒಂದು ವರ್ಷದಿಂದ ಎರಡು ವರ್ಷದ ನಡುವೆ ಇದು ಸಾಮಾನ್ಯ. ತಿಳಿವಳಿಕೆ ಬೆಳೆದಂತೆ ಭಯವೂ ಬೆಳೆಯುತ್ತದೆ. ನೀರು ಸುಳಿಯಾಗಿ ಮೋರಿಯೊಳಗೆ ಮಾಯವಾಗುವುದನ್ನು ಕಂಡು ತಾನೂ ಹೀಗೆ ಹೋಗಿಬಿಡುತ್ತೇನೆ ಎಂದುಕೊಳ್ಳುವ ಮಕ್ಕಳಿದ್ದಾರೆ. ಶವರಿನ ಸದ್ದು, ಗೀಸರಿನ ಕೆಂಪು ದೀಪ, ಒಮ್ಮೆ ಜಾರಿ ಬಿದ್ದ ನೆನಪು, ಯಾವುದೂ ಕಾರಣವಾಗಬಹುದು. ಒತ್ತಾಯಿಸಬೇಡಿ, ಸ್ನಾನವನ್ನೇ ಬಿಡಿಸಲೂ ಬೇಡಿ. ಕೆಲವು ದಿನ ಬಚ್ಚಲಿನ ಹೊರಗೆ, ಅಂಗಳದಲ್ಲೋ ಬಾಲ್ಕನಿಯಲ್ಲೋ ಟಬ್ ಇಟ್ಟು ಗೊಂಬೆಗೆ ಸ್ನಾನ ಮಾಡಿಸುವ ಆಟ ಹೂಡಿ. ಗೊಂಬೆಗೆ ನೀರೆರೆಯುವ ಕೈ ತಾನಾಗಿಯೇ ಒದ್ದೆಯಾಗುತ್ತದೆ. ಟಬ್ಬಿನ ನೀರನ್ನು ಮಗು ಹೊರಗೆ ಬಂದ ಮೇಲೆ ಚೆಲ್ಲಿ.

ನೀರಿನಲ್ಲಿ ಆಡಿದರೆ ಶೀತವಾಗುತ್ತದೆ ಎಂದು ಅತ್ತೆಯವರು ಒಪ್ಪುವುದೇ ಇಲ್ಲ.

ನೆಗಡಿ ಬರುವುದು ವೈರಸ್ಸಿನಿಂದ, ನೀರಿನಿಂದಲ್ಲ. ಅತ್ತೆಯವರ ಮಾತಿನಲ್ಲೂ ಒಂದು ಹುರುಳಿದೆ: ಎಳೆ ಮಗು ಒದ್ದೆಯಾಗಿ ಗಾಳಿಯಲ್ಲಿದ್ದರೆ ಬೇಗ ತಣ್ಣಗಾಗುತ್ತದೆ. ಆಟ ಹತ್ತು ನಿಮಿಷಕ್ಕೆ ನಿಲ್ಲಲಿ, ಫ್ಯಾನ್ ಆರಿಸಿರಲಿ, ಟವೆಲ್ ಕೈಗೆಟುಕುವಲ್ಲಿರಲಿ. ಮಗು ನಡುಗಿದರೆ, ತುಟಿ ನೀಲಿಗಟ್ಟಿದರೆ, ಸುಮ್ಮನಾದರೆ ತಕ್ಷಣ ಹೊರಗೆ. ಅತ್ತೆಯವರ ಕೈಗೇ ಟವೆಲ್ ಕೊಟ್ಟು ನಿಲ್ಲಿಸಿದರೆ ಕಾಳಜಿಗೂ ಒಂದು ಕೆಲಸ ಸಿಗುತ್ತದೆ.

ಮೊದಲ ಸಲ ಈಜುಕೊಳಕ್ಕೆ ಕರೆದೊಯ್ಯುವಾಗ ಏನು ಗಮನಿಸಬೇಕು?

ಮೊದಲ ದಿನ ನೀರಿಗಿಳಿಯದೆ ಬರೀ ನೋಡಿ ಬಂದರೂ ಅದು ವ್ಯರ್ಥವಲ್ಲ. ಈಜುಕೊಳವೆಂದರೆ ಮಗುವಿಗೆ ಪ್ರತಿಧ್ವನಿ, ಕಿರುಚಾಟ, ವಿಚಿತ್ರ ವಾಸನೆ, ಕೊನೆಯೇ ಕಾಣದಷ್ಟು ನೀರು. ಜನ ಕಡಿಮೆಯಿರುವ ಹೊತ್ತನ್ನು ಆರಿಸಿ. ಬಯಲು ಕೊಳವಾದರೆ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ ಹೋಗಿ, ಆರು ತಿಂಗಳೊಳಗಿನ ಮಗುವನ್ನು ನೇರ ಬಿಸಿಲಿಗೆ ಒಡ್ಡಬಾರದು. ನಿದ್ದೆಗಣ್ಣಿನಲ್ಲೋ ಹಸಿದೋ ಇರುವ ಮಗುವಿನೊಡನೆ ಹೋಗಬೇಡಿ. ಹೊಟ್ಟೆ ತುಂಬಾ ತಿಂದ ತಕ್ಷಣವೂ ಬೇಡ, ವಾಂತಿಯಾದೀತು.

ನೀರು 32 ಡಿಗ್ರಿಯ ಹತ್ತಿರವಿದ್ದರೆ ಎಳೆ ಮಗುವಿಗೆ ಹಿತ. ಮಂಗಳೂರು, ಉಡುಪಿ ಕಡೆ ವರ್ಷದ ಬಹುಪಾಲು ಕೊಳದ ನೀರು ಬೆಚ್ಚಗೇ ಇರುತ್ತದೆ. ಬೆಂಗಳೂರು, ಮೈಸೂರು, ಮಡಿಕೇರಿಯ ಚಳಿಗಾಲದಲ್ಲಿ ಕಾಯಿಸದ ಕೊಳ ಮಗುವಿಗೆ ಸಲ್ಲದು. ಮಾರ್ಚ್‌ವರೆಗೆ ಬಚ್ಚಲೇ ಸಾಕು.

ಮಗುವನ್ನು ಎದೆಗವಚಿಕೊಂಡು ಮೆಟ್ಟಿಲಿಳಿಯಿರಿ. ನಿಮ್ಮ ಭುಜ ನೀರಿನ ಮಟ್ಟಕ್ಕೆ ಬರುವಷ್ಟು ಬಗ್ಗಿ, ಆಗ ನಿಮ್ಮ ಮುಖವೂ ಮಗುವಿನ ಮುಖವೂ ಒಂದೇ ಎತ್ತರದಲ್ಲಿರುತ್ತವೆ. ಮನೆಯಲ್ಲಿ ಹೇಳುತ್ತಿದ್ದ ಅದೇ ‘ಒಂದು, ಎರಡು, ಮೂರು’ ಇಲ್ಲಿಯೂ ನಡೆಯಲಿ. ಅಪ್ಪಿಕೊಂಡ ಕೈ ಸಡಿಲವಾಗಿ, ಸುತ್ತ ನೋಡತೊಡಗಿದ ಮೇಲೆ ಕಂಕುಳಲ್ಲಿ ಹಿಡಿದು ನಿಧಾನವಾಗಿ ಹಿಂದಕ್ಕೆ ನಡೆಯಿರಿ, ಮಗು ನಿಮ್ಮತ್ತ ತೇಲಿ ಬರುತ್ತದೆ. ಹತ್ತು ಹದಿನೈದು ನಿಮಿಷಕ್ಕೆ, ಇನ್ನೂ ನಗುತ್ತಿರುವಾಗಲೇ ಹೊರಗೆ ಬನ್ನಿ. ಫೋಟೊ ತೆಗೆಯುವ ಕೆಲಸ ದಡದಲ್ಲಿ ನಿಂತ ಬೇರೆಯವರಿಗಿರಲಿ.

ಅಪಾರ್ಟ್‌ಮೆಂಟಿನ ಕೊಳದ ನೀರು ಶುದ್ಧವೇ ಎಂದು ತಿಳಿಯುವುದು ಹೇಗೆ?

ತಳದ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಅಂಚು ಕೈಗೆ ಲೋಳೆಲೋಳೆಯಾಗಿದ್ದರೆ ಇಳಿಯಬೇಡಿ. ಕ್ಲೋರಿನ್ ಮತ್ತು ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬುದರ ಸೂಚಿ) ಅಳತೆಯನ್ನು ಬರೆದಿಡುವ ಪುಸ್ತಕ ನಿರ್ವಹಣೆಯವರ ಬಳಿ ಇರಬೇಕು, ಕೇಳಿ ನೋಡಿ. ಕ್ಲೋರಿನ್ ಕನಿಷ್ಠ 1 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ), ಪಿಎಚ್ 7ರಿಂದ 7.8ರೊಳಗೆ ಇರಬೇಕು. ಮೂಗಿಗೆ ಬಡಿಯುವ ಘಾಟು ಸ್ವಚ್ಛತೆಯ ಗುರುತೆಂದು ಬಹಳ ಮಂದಿ ಭಾವಿಸಿದ್ದಾರೆ. ಬೆವರು, ಮೂತ್ರದೊಡನೆ ಕ್ಲೋರಿನ್ ಬೆರೆತು ಹುಟ್ಟುವ ಕ್ಲೋರಮೈನ್‌ಗಳ ವಾಸನೆ ಅದು, ಅಂದರೆ ಕೊಳಕಿನ ಗುರುತು.

2024ರ ಬರದ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿತ್ತು. ನೀರಿನ ಬರವಿರುವ ತಿಂಗಳುಗಳಲ್ಲಿ ಕೊಳಕ್ಕೆ ಎಲ್ಲಿಂದ ನೀರು ತುಂಬಿಸುತ್ತಾರೆ, ಎಷ್ಟು ದಿನಕ್ಕೊಮ್ಮೆ ಬದಲಿಸುತ್ತಾರೆ ಎಂದು ಸಂಘದ ಸಭೆಯಲ್ಲಿ ಕೇಳುವುದು ಅಧಿಕಪ್ರಸಂಗವಲ್ಲ.

ಯಾವ ಡೈಪರ್ ಹಾಕಬೇಕು?

ಮಾಮೂಲಿ ಡೈಪರ್ ನೀರು ಹೀರಿ ಊದಿಕೊಂಡು ಮಗುವನ್ನು ಕೆಳಕ್ಕೆಳೆಯುತ್ತದೆ. ಈಜಿನ ಡೈಪರ್ ಬೇರೆಯೇ ಇದೆ. ಅದೂ ಮೂತ್ರವನ್ನು ತಡೆಯುವುದಿಲ್ಲ, ಮಲವನ್ನು ಸ್ವಲ್ಪ ಹೊತ್ತು ತಡೆದೀತು. ಭೇದಿಯಿರುವ ಮಗುವನ್ನು ಮಾತ್ರ ಯಾವ ಕಾರಣಕ್ಕೂ ಇಳಿಸಬೇಡಿ. ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಏಳು ದಿನಕ್ಕಿಂತ ಹೆಚ್ಚು ಬದುಕಬಲ್ಲದು.

ಲಸಿಕೆಗಳು ಮುಗಿಯುವವರೆಗೆ ಕಾಯಬೇಕೇ?

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಕಾಯಬೇಕಿಲ್ಲ ಎನ್ನುತ್ತದೆ. ಹೇಗೂ ಆರು ತಿಂಗಳ ಹೊತ್ತಿಗೆ 6, 10, 14ನೇ ವಾರದ ಲಸಿಕೆಗಳು ಮುಗಿದಿರುತ್ತವೆ. ಲಸಿಕೆ ಹಾಕಿಸಿದ ದಿನ ಜ್ವರ, ಕಿರಿಕಿರಿ ಇದ್ದರೆ ಮನೆಯಲ್ಲೇ ಇರಲಿ.

ಕಿವಿಗೆ ನೀರು ಹೋದರೆ ಸೋರುವುದಿಲ್ಲವೇ?

ಮಕ್ಕಳ ಕಿವಿ ಸೋರುವುದು ಹೆಚ್ಚಾಗಿ ನೆಗಡಿಯ ನಂತರ, ತಮಟೆಯ ಒಳಗಿನ ಸೋಂಕಿನಿಂದ. ತಮಟೆ ಸರಿಯಿದ್ದರೆ ಹೊರಗಿನ ನೀರು ಅಲ್ಲಿಗೆ ತಲುಪುವುದಿಲ್ಲ. ತಲೆ ವಾಲಿಸಿ ನೀರು ಇಳಿಸಿ, ಟವೆಲಿನ ತುದಿಯಿಂದ ಹೊರಗಿವಿ ಒರೆಸಿದರೆ ಆಯಿತು. ಹತ್ತಿಕಡ್ಡಿ, ಹೇರ್‌ಪಿನ್, ಎಣ್ಣೆ ಯಾವುದೂ ಬೇಡ. ತಮಟೆ ತೂತಾಗಿರುವ ಅಥವಾ ಕಿವಿಗೆ ಶಸ್ತ್ರಚಿಕಿತ್ಸೆಯಾದ ಮಗುವಾದರೆ ವೈದ್ಯರನ್ನು ಕೇಳಿ.

ಕುತ್ತಿಗೆಗೆ ಹಾಕುವ ಗಾಳಿಯ ಬಳೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬಹುದೇ?

ಬೇಡ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2022ರ ಜೂನ್‌ನಲ್ಲಿ ಇವುಗಳ ವಿರುದ್ಧ ಎಚ್ಚರಿಕೆ ನೀಡಿತು, ಒಂದು ಮಗು ಸತ್ತೂ ಹೋಗಿತ್ತು. ಗಾಳಿ ಸೋರಿದರೆ ಮಗು ಜಾರಿ ಕೆಳಗೆ ಹೋಗುತ್ತದೆ, ಕುತ್ತಿಗೆಯ ಮೇಲೆ ಒತ್ತಡ ಬೇರೆ. ತೋಳಿಗೆ ಕಟ್ಟುವ ಗಾಳಿಚೀಲ, ಸೊಂಟದ ಬಳೆ ಕೂಡ ಆಟಿಕೆಗಳೇ ಹೊರತು ರಕ್ಷಣೆಯ ಸಾಧನಗಳಲ್ಲ. ಹಳ್ಳಿಗಳಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು ಈಗಲೂ ಅದನ್ನು ಹೊಗಳುತ್ತಾರೆ. ಅದು ಮಾತು ಕೇಳುವ ವಯಸ್ಸಿನ ಮಕ್ಕಳಿಗೆ, ಹಗ್ಗ ಹಿಡಿದು ದಡದಲ್ಲಿ ನಿಂತ ಮಾವನಿದ್ದಾಗ. ಎಳೆ ಮಗುವಿಗೆ ನಿಮ್ಮ ಎರಡು ಕೈ ಬಿಟ್ಟು ಬೇರೆ ಸಾಧನವಿಲ್ಲ.

ಊರಿನ ಕೆರೆ, ಹೊಳೆ ಅಥವಾ ಸಮುದ್ರದಲ್ಲಿ ರೂಢಿ ಮಾಡಿಸಬಹುದೇ?

ಕೆರೆ, ಹೊಂಡ, ಕಲ್ಯಾಣಿಗಳ ನಿಂತ ನೀರಿಗೆ ಎಳೆ ಮಗುವನ್ನು ಇಳಿಸಬೇಡಿ. ಬೆಚ್ಚಗಿನ ನಿಂತ ನೀರಿನಲ್ಲಿರುವ ನೆಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೆ ತಲುಪಬಲ್ಲದು. ಈ ಕಾಯಿಲೆ ಅಪರೂಪ, ಆದರೆ ಬಂದವರು ಬದುಕುವುದು ಇನ್ನೂ ಅಪರೂಪ. 2024ರಲ್ಲಿ ನೆರೆಯ ಕೇರಳದಲ್ಲಿ ಮಕ್ಕಳು ಇದಕ್ಕೆ ಬಲಿಯಾದರು. ಕರಾವಳಿಯವರು ಮಳೆಗಾಲ ಬಿಟ್ಟು ಬೇರೆ ದಿನಗಳಲ್ಲಿ ತೆರೆ ಬಂದು ಹೋಗುವ ಒದ್ದೆ ಮರಳಿನ ಮೇಲೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಪಾದ ನೆನೆಸಬಹುದು. ಅದಕ್ಕಿಂತ ಮುಂದೆ ಬೇಡ.

ನನಗೇ ಈಜು ಬಾರದು, ನೀರೆಂದರೆ ಭಯ. ಮಗುವಿಗೂ ಅಂಟುತ್ತದೆಯೇ?

ನಿಮ್ಮ ತೋಳು ಬಿಗಿಯಾದದ್ದು ಮಗುವಿಗೆ ಮಾತಿಗಿಂತ ಬೇಗ ತಿಳಿಯುತ್ತದೆ. ಬಚ್ಚಲಿನ ಭಾಗವನ್ನು ನೀವು ಧೈರ್ಯವಾಗಿ ಮಾಡಬಹುದು, ಅದಕ್ಕೆ ಈಜು ಬೇಕಿಲ್ಲ. ಕೊಳಕ್ಕೆ ಮಾತ್ರ ಈಜು ಬಲ್ಲ ಒಬ್ಬರು ಜೊತೆಗಿರಲಿ, ನೀವು ಸೊಂಟಮಟ್ಟದ ನೀರು ದಾಟಬೇಡಿ. ಸಾಧ್ಯವಾದರೆ ನೀವೂ ಕಲಿಯಿರಿ. ಸೀರೆಯುಟ್ಟು ದಡದಲ್ಲಿ ಕೂತು ಮಕ್ಕಳನ್ನು ಕಾಯುವ ತಾಯಂದಿರಿಗಾಗಿಯೇ ಬೇರೆ ಸಮಯ ಇಟ್ಟಿರುವ ಕೊಳಗಳು ಈಗ ಅನೇಕ ಊರುಗಳಲ್ಲಿವೆ.

ನಾವು ವಿದೇಶದಲ್ಲಿದ್ದೇವೆ. ಇಲ್ಲಿ ಮೂರು ತಿಂಗಳಿಗೇ ತರಗತಿಗೆ ಸೇರಿಸುತ್ತಾರೆ. ಊರಿನವರು ಗಾಬರಿಯಾಗಿದ್ದಾರೆ.

ಜರ್ಮನಿ, ಬ್ರಿಟನ್‌ನಂಥ ದೇಶಗಳಲ್ಲಿ ಶಿಶುಗಳ ತರಗತಿ ನಡೆಯುವುದು ಹೆಚ್ಚಾಗಿ ಒಳಾಂಗಣದ ಬೆಚ್ಚನೆಯ ಕೊಳದಲ್ಲಿ. ನೀರು 32 ಡಿಗ್ರಿಗೆ ಕಡಿಮೆಯಿಲ್ಲ, ಮುಳುಗಿಸುವುದಿಲ್ಲ, ನೀವು ಜೊತೆಗಿರುತ್ತೀರಿ ಎಂದಾದರೆ ಹೋಗಿ ಬನ್ನಿ. ರಜೆಗೆ ಊರಿಗೆ ಬಂದಾಗ ಮಾತ್ರ ಅಲ್ಲಿನ ಅಭ್ಯಾಸದ ಧೈರ್ಯದಲ್ಲಿ ಇಲ್ಲಿನ ತಣ್ಣನೆಯ ಕೊಳಕ್ಕೋ ತೋಟದ ಹೊಂಡಕ್ಕೋ ಇಳಿಸಬೇಡಿ.

ಮಗುವಿನ ಭಯ ಪೂರ್ತಿ ಹೋಗಿದೆ. ಇನ್ನು ನಿಶ್ಚಿಂತೆ ಅಲ್ಲವೇ?

ಇನ್ನು ಮೇಲೆಯೇ ಚಿಂತೆ. ನೀರಿಗೆ ಹೆದರುವ ಮಗು ಸಂಪಿನಿಂದ ದೂರವಿರುತ್ತದೆ, ಹೆದರದ ಮಗು ಅದರೊಳಗೆ ಇಣುಕುತ್ತದೆ. ರೂಢಿ ಮಾಡಿಸಿದ್ದು ನೀವೇ ಆದ್ದರಿಂದ ಕಾವಲು ಬಿಗಿ ಮಾಡುವುದೂ ನಿಮ್ಮದೇ ಹೊಣೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಹೊರತಂದ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಮಂದಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು.

ಮನೆಯನ್ನು ಒಂದು ಸುತ್ತು ಹಾಕಿ ನೋಡಿ. ಸಂಪಿನ ಮುಚ್ಚಳಕ್ಕೆ ಬೀಗವಿದೆಯೇ? ಟ್ಯಾಂಕರ್ ಬಂದ ದಿನ ಅದನ್ನು ತೆಗೆದವರು ಮತ್ತೆ ಹಾಕಿದರೇ? ನಲ್ಲಿಯಲ್ಲಿ ನೀರು ಬರುವುದೇ ಎರಡು ದಿನಕ್ಕೊಮ್ಮೆ ಎಂಬ ಊರುಗಳಲ್ಲಿ ಡ್ರಮ್ಮು, ಬಕೆಟ್ಟುಗಳಲ್ಲಿ ತುಂಬಿಡದೆ ವಿಧಿಯಿಲ್ಲ. ತುಂಬಿಡಿ, ಆದರೆ ಮುಚ್ಚಿಡಿ, ಬಚ್ಚಲಿನ ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿ. ದೀಪಾವಳಿಯ ನೀರು ತುಂಬುವ ಹಬ್ಬದ ರಾತ್ರಿ ಮನೆಯ ಪಾತ್ರೆಗಳೆಲ್ಲ ತುಂಬಿ ನಿಂತಿರುತ್ತವೆ, ನೆಂಟರೂ ಸೇರಿರುತ್ತಾರೆ. ಎಲ್ಲರೂ ಇರುವಾಗ ಮಗುವನ್ನು ಯಾರೋ ನೋಡುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ. ತೋಟದ ಮನೆಯಾದರೆ ದನಗಳ ನೀರಿನ ತೊಟ್ಟಿ, ಕಟ್ಟೆಯಿಲ್ಲದ ಬಾವಿ, ಮತ್ತು ಕೃಷಿ ಹೊಂಡ. 2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ಎಷ್ಟೋ ಹೊಲಗಳಲ್ಲಿ ಹೊಂಡಗಳಾಗಿವೆ. ಪ್ಲಾಸ್ಟಿಕ್ ಹೊದಿಸಿದ ಅವುಗಳ ದಡ ಎಷ್ಟು ಜಾರುತ್ತದೆಂದರೆ ಬಿದ್ದ ದೊಡ್ಡವರೇ ಹತ್ತಿ ಬರಲಾರರು. ಸುತ್ತ ಬೇಲಿ ಹಾಕಿಸಿ.

ನೀರಿನ ಹತ್ತಿರ ಮಗುವಿದ್ದಾಗ ಒಬ್ಬ ದೊಡ್ಡವರ ಹೆಸರು ಹಿಡಿದು ಜವಾಬ್ದಾರಿ ವಹಿಸಿ. ಅವರ ಕೈ ಮಗುವಿಗೆ ತಾಗುವಷ್ಟು ಹತ್ತಿರವಿರಬೇಕು, ಆ ಕೈಯಲ್ಲಿ ಮೊಬೈಲ್ ಇರಬಾರದು. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ.

ಆಡುವಾಗ ನೀರು ಕುಡಿದು ಕೆಮ್ಮಿದರೆ ಏನು ಮಾಡಬೇಕು?

ಒಂದೆರಡು ಸಲ ಕೆಮ್ಮಿ ಮತ್ತೆ ಆಡತೊಡಗಿದರೆ ಏನೂ ಮಾಡಬೇಕಿಲ್ಲ. ಕೆಮ್ಮು ನಿಲ್ಲದಿದ್ದರೆ, ಉಸಿರು ಏದುಸಿರಾದರೆ, ಬಾಯಲ್ಲಿ ನೊರೆ ಬಂದರೆ, ಮಂಕಾದರೆ, ಪದೇ ಪದೇ ವಾಂತಿಯಾದರೆ ಆಸ್ಪತ್ರೆಗೆ ಹೋಗಿ. ಇಂಥ ಲಕ್ಷಣಗಳು ಕೆಲವೇ ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತವೆ. ಚೆನ್ನಾಗಿ ಆಡಿಕೊಂಡಿದ್ದ ಮಗು ಒಂದು ವಾರದ ನಂತರ ‘ಒಣ ಮುಳುಗು’ವಿಕೆಯಿಂದ ಸಾಯುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಸಂದೇಶಕ್ಕೆ ವೈದ್ಯಕೀಯದಲ್ಲಿ ಆಧಾರವಿಲ್ಲ.

ನೀರಿನಿಂದ ತೆಗೆದ ಮಗು ಉಸಿರಾಡದಿದ್ದರೆ ತಲೆಕೆಳಗಾಗಿ ಹಿಡಿಯುವುದು, ಗಿರಗಿರನೆ ತಿರುಗಿಸುವುದು, ಹೊಟ್ಟೆ ಅದುಮುವುದು ಬೇಡ. ಒಬ್ಬರು 108ಕ್ಕೆ ಅಥವಾ 112ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಮಗುವಿನ ಬಾಯಿ ಮೂಗು ಎರಡನ್ನೂ ತಮ್ಮ ಬಾಯಿಯಿಂದ ಮುಚ್ಚಿ, ಎದೆ ಏರುವಷ್ಟು ಮಾತ್ರ ಮೆಲ್ಲಗೆ ಉಸಿರು ಕೊಡಲಿ. ಮುಳುಗಿದವರಿಗೆ ಉಸಿರೇ ಮೊದಲು. ಆಮೇಲೆ ಎದೆಯ ನಡುವೆ ಸುಮಾರು 4 ಸೆಂಟಿಮೀಟರ್ (ಒಂದು ವರ್ಷ ದಾಟಿದ ಮಗುವಾದರೆ ಸುಮಾರು 5 ಸೆಂಟಿಮೀಟರ್) ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ 2 ಉಸಿರು. ನೆರವು ಬರುವವರೆಗೆ ಇದನ್ನೇ ಮುಂದುವರಿಸಬೇಕು. ಓದಿ ತಿಳಿದದ್ದು ಆ ಹೊತ್ತಿಗೆ ಕೈಗೆ ಬರುವುದಿಲ್ಲ, ಗೊಂಬೆಯ ಮೇಲೆ ಒಮ್ಮೆಯಾದರೂ ಅಭ್ಯಾಸ ಮಾಡಿಸುವ ತರಬೇತಿಗೆ ಹೋಗಿ.

ತರಗತಿಗೆ ಸಿದ್ಧವಾಗಿದೆ ಎಂದು ತಿಳಿಯುವುದು ಹೇಗೆ? ಯಾವ ತರಗತಿ ಆರಿಸಲಿ?

ಮುಖದ ಮೇಲೆ ನೀರು ಹರಿದರೂ ಸುಧಾರಿಸಿಕೊಳ್ಳುತ್ತದೆ, ನಿಮ್ಮ ಕೈ ಮೇಲೆ ಅಂಗಾತ ಮಲಗಲು ಒಪ್ಪುತ್ತದೆ, ಗುಳ್ಳೆ ಊದುತ್ತದೆ, ‘ನಿಲ್ಲು’ ಎಂದರೆ ನಿಲ್ಲುತ್ತದೆ. ಇಷ್ಟಿದ್ದರೆ ಧಾರಾಳವಾಯಿತು. ಇವೆಲ್ಲ ಇಲ್ಲದಿದ್ದರೂ ಸೇರಿಸಬಹುದು, ತುಸು ಹೆಚ್ಚು ದಿನ ಹಿಡಿಯುತ್ತದೆ.

ಹಣ ಕಟ್ಟುವ ಮೊದಲು ಒಂದು ಪೂರ್ತಿ ತರಗತಿಯನ್ನು ದಡದಲ್ಲಿ ಕೂತು ನೋಡಿ. ಅಳುವ ಮಗುವಿನೊಡನೆ ತರಬೇತುದಾರರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಮೊದಲು ಗಮನಿಸಿ. ಒಬ್ಬರ ಕೈಯಲ್ಲಿ ಎಷ್ಟು ಮಕ್ಕಳಿದ್ದಾರೆ, ಪ್ರಥಮ ಚಿಕಿತ್ಸೆ ಬಲ್ಲ ಜೀವರಕ್ಷಕ ಬೇರೆಯಾಗಿ ಇದ್ದಾರೆಯೇ, ನೀರಿನ ಉಷ್ಣತೆ ಎಷ್ಟು ಎಂದು ಕೇಳಿ. ‘ತಂದೆ ತಾಯಿ ಹೊರಗಿರಬೇಕು, ನೀವಿದ್ದರೆ ಮಗು ಅಳುತ್ತದೆ’ ಎಂದು ಎರಡು ವರ್ಷದ ಮಗುವಿನ ವಿಷಯದಲ್ಲಿ ಹೇಳುವ ಕಡೆ ಸೇರಿಸಬೇಡಿ.